ಕಡಲಿಲ್ಲದ ನಾಡಿನಲ್ಲಿ ಮುಳುಗುವವರು

ಜೂರಿಕ್‌ನಲ್ಲಿರುವ ಮಗಳು ದೂರವಾಣಿಯಲ್ಲಿ, ‘ಅಪ್ಪ, ಇವರು ಶನಿವಾರ ಡೈವಿಂಗ್‌ಗೆ ಹೋಗುತ್ತಾರೆ’ ಎಂದಾಗ ಯಾವುದೋ ಈಜುಕೊಳದ ಮಾತಿರಬೇಕೆಂದು ಭಾವಿಸಿದ್ದೆ. ಸ್ವಿಟ್ಜರ್ಲೆಂಡ್‌ಗೆ ಕಡಲಿಲ್ಲ. ಐದು ದೇಶಗಳ ನಡುವೆ ಸಿಕ್ಕಿಕೊಂಡಿರುವ, ಅರ್ಧಕ್ಕಿಂತ ಹೆಚ್ಚಿನ ನೆಲವನ್ನು ಆಲ್ಪ್ಸ್ ಪರ್ವತಗಳಿಗೆ ಬಿಟ್ಟುಕೊಟ್ಟಿರುವ ಪುಟ್ಟ ರಾಷ್ಟ್ರ ಅದು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಾದರೂ ಎಲ್ಲಿ?

ಕಳೆದ ನವೆಂಬರ್‌ನಲ್ಲಿ ಅಲ್ಲಿಗೆ ಹೋದಾಗ ಅದನ್ನೂ ಕಂಡೆ. ಜೂರಿಕ್ ಸರೋವರದ ದಡದಲ್ಲಿ ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ರಸ್ತೆಬದಿಯಲ್ಲಿ ಏಳೆಂಟು ಕಾರುಗಳು ನಿಂತಿದ್ದವು. ಹಿಂಬಾಗಿಲು ತೆರೆದುಕೊಂಡು, ನೀರು ಒಳಸೇರದ ದಪ್ಪ ಉಡುಪನ್ನು ಪರಸ್ಪರರ ನೆರವಿನಿಂದ ತೊಡುತ್ತಿದ್ದವರಲ್ಲಿ ನನ್ನ ವಯಸ್ಸಿನ ಒಬ್ಬ ಮಹಿಳೆಯೂ ಇದ್ದರು. ಇಂತಹ ಚಳಿಯಲ್ಲೇಕೆ ಎಂದು ಕೇಳಿದ್ದಕ್ಕೆ ಅಳಿಯ, ‘ಮಾವ, ಚಳಿಗಾಲವೇ ಒಳ್ಳೆಯದು. ಬೇಸಿಗೆಯಲ್ಲಿ ಪಾಚಿ ಬೆಳೆದು ನೀರು ಮಬ್ಬಾಗುತ್ತದೆ. ಆಳಕ್ಕೆ ಇಳಿದರೆ ಹೇಗೂ ವರ್ಷವಿಡೀ ಐದಾರು ಡಿಗ್ರಿಯೇ’ ಎಂದರು. ನಾನು ಟವೆಲನ್ನೂ ಬಿಸಿ ಕಾಫಿಯ ಫ್ಲಾಸ್ಕನ್ನೂ ಕಾಯುತ್ತ ಬೆಂಚಿನ ಮೇಲೆ ಕುಳಿತೆ. ನಲವತ್ತು ನಿಮಿಷ ನೀರಿನ ಮೇಲೆ ಗುಳ್ಳೆಗಳನ್ನು ನೋಡುವುದಲ್ಲದೆ ಮಾವನಾದವನಿಗೆ ಬೇರೇನೂ ಕೆಲಸವಿರಲಿಲ್ಲ.

ಮೇಲೆ ಬಂದ ಅಳಿಯ ಕಂಡದ್ದನ್ನು ವರ್ಣಿಸಿದರು. ಹವಳದ ದಿಬ್ಬಗಳಿಲ್ಲ, ಬಣ್ಣದ ಮೀನುಗಳಿಲ್ಲ. ಒಂದು ಹಳೆಯ ಮರದ ದಿಮ್ಮಿ, ಅದರ ನೆರಳಿನಲ್ಲಿ ಅಲುಗಾಡದೆ ನಿಂತಿದ್ದ ಉದ್ದ ಮೂತಿಯ ಪೈಕ್ ಮೀನು, ಕಡಿದಾಗಿ ಕತ್ತಲಿಗೆ ಇಳಿಯುವ ಜೇಡಿಮಣ್ಣಿನ ಗೋಡೆ, ಇಷ್ಟೆ. ‘ಆದರೆ ಹತ್ತು ಮೀಟರ್ ದೂರದ್ದೂ ಕಾಣುತ್ತಿತ್ತು’ ಎಂದು ಹಿಗ್ಗಿದರು. ಸುಮಾರು ನಾಲ್ಕು ಲಕ್ಷ ಜನ ವಾಸಿಸುವ ನಗರದ ಅಂಚಿನ ನೀರು ಅದು. ಈ ನೀರು ಯಾವಾಗಿನಿಂದ ಇಷ್ಟು ತಿಳಿಯಾಗಿದೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಕಾಫಿ ಬಗ್ಗಿಸಿಕೊಳ್ಳುತ್ತಿದ್ದ ಅವರ ಸ್ವಿಸ್ ಗೆಳೆಯನಿಗೂ ಗೊತ್ತಿರಲಿಲ್ಲ. ಮೊದಲಿನಿಂದಲೂ ಹೀಗೆಯೇ ಅಲ್ಲವೇ ಎಂದು ನನ್ನನ್ನೇ ಕೇಳಿದ.

ಮೊದಲಿನಿಂದಲೂ ಹೀಗಿರಲಿಲ್ಲ. ಆಲ್ಪ್ಸ್‌ನ ನೀರೆಂದರೆ ಹಿಮ ಕರಗಿ ಹರಿದ ಪರಿಶುದ್ಧ ಜಲವೆಂಬ ಚಿತ್ರ ನಮ್ಮ ಸಿನಿಮಾದವರು ಅಲ್ಲಿಗೆ ಹೋಗಿ ಹಾಡುಗಳನ್ನು ಚಿತ್ರೀಕರಿಸುವುದಕ್ಕೂ ಮುಂಚೆಯೇ ಹುಟ್ಟಿದ್ದು. ವಾಸ್ತವ ಬೇರೆಯೇ ಇತ್ತು. 1963ರ ಆರಂಭದಲ್ಲಿ, ಪ್ರವಾಸಿಗರ ಸ್ವರ್ಗವೆನಿಸಿದ ಜೆರ್ಮಾಟ್ ಎಂಬ ಪರ್ವತ ಗ್ರಾಮದಲ್ಲಿ ಕುಡಿಯುವ ನೀರು ಕಲುಷಿತಗೊಂಡು ವಿಷಮಶೀತ ಜ್ವರ ಹಬ್ಬಿತು. ನಾನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಮೂವರು ಪ್ರಾಣ ಬಿಟ್ಟರು. ಮರುವರ್ಷ ಲೊಸಾನ್‌ನಲ್ಲಿ ನಡೆದ ರಾಷ್ಟ್ರೀಯ ಪ್ರದರ್ಶನದಲ್ಲಿ ಜಾಕ್ ಪಿಕಾರ್ ಅವರು ನಿರ್ಮಿಸಿದ ಪ್ರವಾಸಿ ಜಲಾಂತರ್ಗಾಮಿಯೊಂದು ಸುಮಾರು 33 ಸಾವಿರ ಜನರನ್ನು ಸರದಿಯಂತೆ ಜಿನೀವಾ ಸರೋವರದೊಳಕ್ಕೆ ಇಳಿಸಿ ತಂದಿತು. 1960ರಲ್ಲಿ ಪೆಸಿಫಿಕ್ ಸಾಗರದ ಅತ್ಯಂತ ಆಳದ ತಾಣವಾದ ಮರಿಯಾನಾ ಕಂದಕದ ತಳ ಮುಟ್ಟಿ ಬಂದಿದ್ದ ಸಾಹಸಿ ಈ ಪಿಕಾರ್. ಸರೋವರದ ಆಳಕ್ಕೆ ಪ್ರವಾಸಿಗರನ್ನು ಕರೆದೊಯ್ಯುವಷ್ಟು ತಂತ್ರಜ್ಞಾನ ಬೆಳೆದಿದ್ದ ಆ ಹೊತ್ತಿಗೆ, ಅಂದರೆ 1965ರ ಲೆಕ್ಕದಂತೆ, ಆ ದೇಶದ ಜನಸಂಖ್ಯೆಯಲ್ಲಿ ಕೊಳಚೆ ನೀರಿನ ಸಂಸ್ಕರಣಾ ಘಟಕದ ಸಂಪರ್ಕವಿದ್ದವರು ಶೇ 14ರಷ್ಟು ಮಾತ್ರ. ಉಳಿದವರ ಕೊಳಚೆಯೆಲ್ಲ ನದಿಗೆ, ಸರೋವರಕ್ಕೆ ಸೇರುತ್ತಿತ್ತು.

ಕಾನೂನು ಇರಲಿಲ್ಲವೆಂದಲ್ಲ. 1953ರ ಡಿಸೆಂಬರ್‌ನಲ್ಲಿಯೇ ಜನಮತಗಣನೆ ನಡೆದು, ಮತ ಹಾಕಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಜಲ ಸಂರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಲು ಒಪ್ಪಿದ್ದರು. ಅದರ ಆಧಾರದ ಮೇಲೆ ಕಾಯ್ದೆಯೂ ಬಂತು. ಆದರೆ ಹಣವಿಲ್ಲದ ಕಾಯ್ದೆ ಎಲ್ಲಿಯೂ ಒಂದೇ ರೀತಿ ವರ್ತಿಸುತ್ತದೆ. ಸರ್ಕಾರದಲ್ಲಿ ಮೂರು ದಶಕ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 1971ರ ಕಾಯ್ದೆ ಕಟ್ಟುನಿಟ್ಟಾಗಿತ್ತು. ಒಕ್ಕೂಟ ಸರ್ಕಾರ ಕೈಬಿಚ್ಚಿ ಅನುದಾನ ಕೊಟ್ಟಿತು, ಊರೂರಿಗೂ ಕೊಳವೆ ಮಾರ್ಗ ಹೋಯಿತು. 2005ರ ವೇಳೆಗೆ ಶೇ 97ರಷ್ಟು ಜನರ ಕೊಳಚೆ ನೀರು ಸಂಸ್ಕರಣೆಗೊಳ್ಳತೊಡಗಿತು. ಕಟ್ಟುವ ಕಾಲ ಮುಗಿದ ಮೇಲೆ, 1997ರಲ್ಲಿ ಕಾಯ್ದೆಗೆ ಇನ್ನೊಂದು ತತ್ವ ಸೇರಿತು: ಮಲಿನ ಮಾಡುವವರೇ ವೆಚ್ಚ ಭರಿಸಬೇಕು. ಅಂದಿನಿಂದ ಕೊಳವೆ ಮತ್ತು ಘಟಕಗಳ ನಿರ್ವಹಣೆಯ ಹೊರೆ ಬಳಕೆದಾರರ ಶುಲ್ಕದ ಮೇಲಿದೆ. ಔಷಧಗಳ, ಕೀಟನಾಶಕಗಳ ಸೂಕ್ಷ್ಮ ಅಂಶಗಳನ್ನು ತೆಗೆಯುವ ಹೊಸ ಹಂತವನ್ನು ಘಟಕಗಳಿಗೆ ಜೋಡಿಸುವುದಕ್ಕಾಗಿ 2016ರಿಂದ ತಲಾ ವರ್ಷಕ್ಕೆ 9 ಫ್ರಾಂಕ್‌ವರೆಗೆ ಪ್ರತ್ಯೇಕ ಶುಲ್ಕವನ್ನೂ ವಿಧಿಸಲಾಗಿದೆ. ನಮ್ಮ ಅಳಿಯನೂ ಅದನ್ನು ತೆರುತ್ತಿದ್ದಾರೆ, ಗೊತ್ತಿಲ್ಲದೆ.

ಕೊಳವೆಗಳಷ್ಟರಿಂದಲೇ ಸರೋವರ ತಿಳಿಯಾಗಲಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿ ಗಡಸು ನೀರನ್ನು ಮೆದುಗೊಳಿಸಲು ಬೆರೆಸುತ್ತಿದ್ದ ಫಾಸ್ಫೇಟ್ ಎಂಬ ಲವಣ, ಸರೋವರ ಸೇರಿದ ಮೇಲೆ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೆಲ್ಲ ನುಂಗಿಬಿಡುತ್ತದೆ. ಆಮೇಲೆ ತಳದಲ್ಲಿ ಜೀವವಿರುವುದಿಲ್ಲ. 1986ರಲ್ಲಿ ಸ್ವಿಟ್ಜರ್ಲೆಂಡ್ ಬಟ್ಟೆ ಪುಡಿಗಳಲ್ಲಿ ಫಾಸ್ಫೇಟನ್ನು ಸಂಪೂರ್ಣವಾಗಿ ನಿಷೇಧಿಸಿತು. ಇಷ್ಟು ಅಂಶ ಇರಬಹುದು ಎಂಬ ಮಿತಿಯನ್ನಲ್ಲ, ಇರಕೂಡದು ಎಂಬ ನಿಯಮವನ್ನೇ ಮಾಡಿತು ಎಂಬುದು ಗಮನಾರ್ಹ. ಜರ್ಮನಿ ಮತ್ತು ಆಸ್ಟ್ರಿಯದೊಡನೆ ಹಂಚಿಕೊಂಡಿರುವ ಕಾನ್‌ಸ್ಟನ್ಸ್ ಸರೋವರದಲ್ಲಿ ರಂಜಕದ ಪ್ರಮಾಣ 1970ರ ದಶಕದ ಕೊನೆಯಲ್ಲಿ ಲೀಟರಿಗೆ 87 ಮೈಕ್ರೋಗ್ರಾಂ ಮುಟ್ಟಿತ್ತು. ಈಗ ಅದು ಹತ್ತಕ್ಕಿಂತ ಕಡಿಮೆ. ಎಲ್ಲ ಕಡೆಯೂ ಇಷ್ಟು ಸುಲಭವಾಗಲಿಲ್ಲ. ಹಂದಿ ಸಾಕಣೆ ಹೆಚ್ಚಿರುವ ಲೂಸರ್ನ್ ಪ್ರಾಂತ್ಯದ ಸೆಂಪಾಕ್ ಸರೋವರದಲ್ಲಿ ಹೊಲಗಳಿಂದ ಹರಿದ ಗೊಬ್ಬರವೇ ಮುಖ್ಯ ಶತ್ರು. 1984ರ ಆಗಸ್ಟ್‌ನಲ್ಲಿ ಅಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಆ ಬಳಿಕ ಸರೋವರದ ತಳಕ್ಕೆ ಕೊಳವೆಯ ಮೂಲಕ ಆಮ್ಲಜನಕ ಊದಬೇಕಾಯಿತು, ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ಊದುವಂತೆ.

ಇಲ್ಲಿ ನನ್ನ ಸೇವಾವಧಿಯ ಒಂದು ಪ್ರಸಂಗ ನೆನಪಾಗುತ್ತದೆ. ಜಿಲ್ಲಾ ಕೇಂದ್ರವೊಂದರಲ್ಲಿದ್ದಾಗ ಊರ ಮಧ್ಯದ ಕೆರೆಯ ‘ಸೌಂದರ್ಯೀಕರಣ’ಕ್ಕೆ ಪ್ರಸ್ತಾವನೆ ಬಂತು. ಏರಿಯ ಮೇಲೆ ನಡಿಗೆ ಪಥ, ದೀಪದ ಕಂಬ, ಕಾರಂಜಿ, ದೋಣಿ ವಿಹಾರ ಎಲ್ಲವೂ ಅದರಲ್ಲಿದ್ದವು. ಕೆರೆಗೆ ಬಂದು ಬೀಳುತ್ತಿದ್ದ ಮೂರು ಚರಂಡಿಗಳ ಪ್ರಸ್ತಾಪ ಮಾತ್ರ ಇರಲಿಲ್ಲ. ಮೊದಲು ಒಳಚರಂಡಿಗೆ ಹಣವಿಡೋಣ ಎಂದು ಟಿಪ್ಪಣಿ ಬರೆದೆ. ‘ನೆಲದೊಳಗೆ ಹೂತ ಕೊಳವೆಗೆ ಟೇಪು ಕತ್ತರಿಸಲಾಗುತ್ತದೆಯೇ ಸ್ವಾಮಿ?’ ಎಂದು ಹಿರಿಯ ಜನಪ್ರತಿನಿಧಿಯೊಬ್ಬರು ನಗುತ್ತಲೇ ಕೇಳಿದರು. ಅವರ ಪ್ರಶ್ನೆಯಲ್ಲಿ ಅರ್ಥಶಾಸ್ತ್ರದ ಒಂದು ಹಳೆಯ ಸಮಸ್ಯೆಯೇ ಅಡಗಿತ್ತು. ಖರ್ಚು ಇಂದಿನದು, ಫಲ ಮೂವತ್ತು ವರ್ಷದ ನಂತರದ್ದು, ಫಲ ಉಣ್ಣುವವರು ಇಂದಿನ ಮತದಾರರಲ್ಲ. ನಡಿಗೆ ಪಥವೇ ಆಯಿತು. ಕಾರಂಜಿ ಎರಡು ವರ್ಷ ಚಿಮ್ಮಿತು. ಅಂದು ನಾನು ಇನ್ನಷ್ಟು ಪಟ್ಟು ಹಿಡಿಯಬಹುದಿತ್ತೆಂದು ಈಗ ಅನ್ನಿಸುತ್ತದೆ. ಆದರೆ ವರ್ಗಾವಣೆಯ ಋತು ಹತ್ತಿರವಿತ್ತು.

ಬೆಂಗಳೂರಿನ ಓದುಗರಿಗೆ ಫಾಸ್ಫೇಟಿನ ರಸಾಯನಶಾಸ್ತ್ರವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಿಂದ ರಸ್ತೆಗೆ ಹಾರಿಬಂದ ನೊರೆಯನ್ನು ನಾವೆಲ್ಲ ಕಂಡವರೇ. ಸಂಸ್ಕರಣೆಯಾಗದ ಕೊಳಚೆ ಮತ್ತು ಮಾರ್ಜಕಗಳು ಕೂಡಿದರೆ ಏನಾಗುತ್ತದೆಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿರಲಿಲ್ಲ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹೊತ್ತಿಕೊಂಡಾಗ ಆರಿಸಲು ಸೇನೆಯ ಸಿಬ್ಬಂದಿ ಇಳಿಯಬೇಕಾಯಿತು.

ಸ್ವಿಸ್ ಸರೋವರಗಳ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುವುದು ಸುಲಭ. ಅದು ನ್ಯಾಯವಾಗದು, ಏಕೆಂದರೆ ತಿಳಿನೀರಿಗೂ ಬೆಲೆ ತೆತ್ತವರಿದ್ದಾರೆ. ರಂಜಕ ಕಡಿಮೆಯಾದರೆ ಪಾಚಿ ಕಡಿಮೆ, ಪಾಚಿ ಕಡಿಮೆಯಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿ ಕಡಿಮೆ, ಕೊನೆಗೆ ಮೀನೂ ಕಡಿಮೆ. ಮುಳುಗುವವನಿಗೆ ಹಬ್ಬವಾದದ್ದು ಬಲೆ ಬೀಸುವವನಿಗೆ ಉಪವಾಸ. ಕಾನ್‌ಸ್ಟನ್ಸ್ ಸರೋವರದ ಮೀನುಗಾರರು, ಸಂಸ್ಕರಣೆಯನ್ನು ಸ್ವಲ್ಪ ಸಡಿಲಿಸಿ ನೀರಿಗೆ ಪೋಷಕಾಂಶ ಬಿಡಿ ಎಂದು ಕೇಳಿದ್ದೂ ಉಂಟು. ಆಡಳಿತ ಒಪ್ಪಲಿಲ್ಲ. ಅಲ್ಲಿ ತಲೆಮಾರುಗಳಿಂದ ಹಿಡಿಯುತ್ತಿದ್ದ ಬಿಳಿಮೀನಿನ ಸಂತತಿ ಕುಸಿದು, 2024ರ ಜನವರಿಯಿಂದ ಮೂರು ವರ್ಷಗಳ ಅವಧಿಗೆ ಅದನ್ನು ಹಿಡಿಯುವುದನ್ನೇ ನಿಷೇಧಿಸಲಾಯಿತು. ಮೀನುಗಾರರ ಸಂಖ್ಯೆ ಕೆಲವು ಡಜನ್‌ಗಳಿಗೆ ಇಳಿದಿದೆ; ಅದೇ ಸರೋವರದ ನೀರನ್ನು ಕುಡಿಯುವವರು ಲಕ್ಷಾಂತರ. ಸಂಖ್ಯೆಯ ಲೆಕ್ಕದಲ್ಲಿ ಆಡಳಿತದ ತೀರ್ಮಾನ ಸರಿ. ನಾನು ಆ ಕುರ್ಚಿಯಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೆ ಕಡತದಲ್ಲಿ ಮೀನುಗಾರರಿಗೂ ಒಂದು ಪುಟ ಮೀಸಲಿಡುತ್ತಿದ್ದೆ.

ಮೀನಿಗೆ ಹಸಿವು ತಂದದ್ದು ಫಾಸ್ಫೇಟಿನ ಕೊರತೆಯೊಂದೇ ಅಲ್ಲ. ಕಪ್ಪು ಸಮುದ್ರದ ಸೀಮೆಯಿಂದ ಬಂದ ಕ್ವಾಗ್ಗಾ ಎಂಬ ಉಗುರಗಲದ ಚಿಪ್ಪುಜೀವಿ 2014ರಲ್ಲಿ ಬಾಸೆಲ್ ಬಳಿ ರೈನ್ ನದಿಯಲ್ಲಿ, 2015ರಲ್ಲಿ ಜಿನೀವಾ ಸರೋವರದಲ್ಲಿ, 2016ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ತಿನ್ನುವ ಜೀವಿ. ಮೀನಿನ ಆಹಾರವನ್ನೆಲ್ಲ ತಾನೇ ಸೋಸಿಕೊಳ್ಳುತ್ತದೆ, ಕುಡಿಯುವ ನೀರಿನ ಕೊಳವೆಗಳ ಬಾಯಿ ಮುಚ್ಚುತ್ತದೆ, ಕಲ್ಲು ಮರಗಳನ್ನೆಲ್ಲ ಹುರುಪೆಯಂತೆ ಆವರಿಸುತ್ತದೆ. ಸ್ವಿಸ್ ಜಲಸಂಶೋಧನಾ ಸಂಸ್ಥೆ ಈಆವಾಗ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಮುಂದಿನ ಎರಡು ದಶಕಗಳಲ್ಲಿ ಪ್ರತಿ ಚದರ ಮೀಟರಿನಲ್ಲಿ ಇದರ ರಾಶಿ 9ರಿಂದ 20 ಪಟ್ಟು ಹೆಚ್ಚಬಹುದು. ವಿಪರ್ಯಾಸವೆಂದರೆ ಇದು ಹೆಚ್ಚಿದಷ್ಟೂ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಒಂದು ಸರೋವರದಿಂದ ಇನ್ನೊಂದಕ್ಕೆ ಇದು ಪಯಣಿಸುವುದು ಮುಖ್ಯವಾಗಿ ದೋಣಿಗಳ ತಳಕ್ಕೆ ಅಂಟಿಕೊಂಡು. ಒದ್ದೆಯಾದ ಡೈವಿಂಗ್ ಉಡುಪು, ಸಲಕರಣೆಗಳೂ ಅದರ ಮರಿಗಳಿಗೆ ವಾಹನವಾಗಬಲ್ಲವು. ಅಳಿಯ ಮನೆಗೆ ಬಂದೊಡನೆ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುವುದನ್ನು ನೋಡಿ, ಇದೇನು ಮಡಿ ಎಂದು ಹಾಸ್ಯ ಮಾಡಿದ್ದೆ. ಕಾರಣ ತಿಳಿದ ಮೇಲೆ ಹಾಸ್ಯ ಹಿಂತೆಗೆದುಕೊಂಡೆ.

ಮುಳುಗುವವರಿಂದಲೇ ನೀರು ಕೆಡುವುದೂ ಉಂಟು. ನೆರೆಯ ಆಸ್ಟ್ರಿಯ ಕೂಡ ಕಡಲಿಲ್ಲದ ಮಲೆನಾಡೇ. ಅಲ್ಲಿನ ಟ್ರಾಗೋಸ್ ಗ್ರಾಮದ ಬಳಿ ‘ಹಸಿರು ಸರೋವರ’ ಎಂಬುದೊಂದಿದೆ. ಚಳಿಗಾಲದಲ್ಲಿ ಪುಟ್ಟ ಕೊಳದಂತಿರುವ ಅದು ವಸಂತದಲ್ಲಿ ಹಿಮ ಕರಗಿದಾಗ ಉಬ್ಬಿ ಸುತ್ತಲಿನ ಹುಲ್ಲುಗಾವಲು, ಕಾಲುದಾರಿ, ಬೆಂಚುಗಳನ್ನೆಲ್ಲ ಮುಳುಗಿಸುತ್ತದೆ. ನೀರೊಳಗಿನ ಬೆಂಚಿನ ಮೇಲೆ ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳಲು ಜನ ಮುಗಿಬಿದ್ದರು. ಕೆಸರೆದ್ದಿತು, ಹುಲ್ಲು ನಲುಗಿತು. 2016ರ ಜನವರಿಯಿಂದ ಅಲ್ಲಿ ಮುಳುಗುವುದನ್ನು ನಿಷೇಧಿಸಲಾಗಿದೆ.

ಸ್ವಿಸ್ ಸರೋವರಗಳ ತಳದಲ್ಲಿ ಇತಿಹಾಸವೂ ಮಲಗಿದೆ. 1853-54ರ ಚಳಿಗಾಲದಲ್ಲಿ ಜೂರಿಕ್ ಸರೋವರದ ನೀರು ಇಳಿದಾಗ ಓಬರ್‌ಮೈಲೆನ್ ಎಂಬಲ್ಲಿ ಸಾಲು ಸಾಲು ಮರದ ಗೂಟಗಳು ಹೊರಬಿದ್ದವು. ಸಾವಿರಾರು ವರ್ಷಗಳ ಹಿಂದೆ ದಡದಲ್ಲಿ ಬದುಕಿದ್ದ ರೈತರ ಮನೆಗಳ ಅಡಿಪಾಯ ಅವು. ಆಲ್ಪ್ಸ್ ಸುತ್ತಣ ಆರು ದೇಶಗಳ ಇಂತಹ 111 ತಾಣಗಳು 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ 56 ಸ್ವಿಟ್ಜರ್ಲೆಂಡಿನವು. ಅದೇ ದೇಶದ ಸೈನ್ಯ ಎರಡನೆಯ ಮಹಾಯುದ್ಧದ ನಂತರವೂ ಬೇಡವಾದ ಮದ್ದುಗುಂಡುಗಳನ್ನು ಸಾವಿರಾರು ಟನ್ ಲೆಕ್ಕದಲ್ಲಿ ಥುನ್, ಬ್ರಿಯೆನ್ಜ್, ಲೂಸರ್ನ್ ಸರೋವರಗಳ ಆಳಕ್ಕೆ ಸುರಿಯಿತೆಂಬುದೂ ನಿಜ. ಹವ್ಯಾಸಿಗಳು ಇಳಿಯುವ ಆಳಕ್ಕಿಂತ ಬಹಳ ಕೆಳಗೆ ಅವು ಇವೆ. ಅವನ್ನು ಹೊರತೆಗೆಯುವ ಉಪಾಯ ಹೇಳಿದವರಿಗೆ ಬಹುಮಾನ ಕೊಡುವುದಾಗಿ 2024ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಸಾರ್ವಜನಿಕ ಸ್ಪರ್ಧೆಯನ್ನೇ ಏರ್ಪಡಿಸಿತು. ಎಸೆದದ್ದು ಎಲ್ಲಿಗೂ ಹೋಗಿಬಿಡುವುದಿಲ್ಲವೆಂದು ಅಚ್ಚುಕಟ್ಟಿಗೆ ಹೆಸರಾದವರೂ ತಡವಾಗಿ ಕಲಿತರು.

ಇನ್ನು ಈ ಕ್ರೀಡೆಯ ವಿಜ್ಞಾನಕ್ಕೆ ಬರುತ್ತೇನೆ. ಕಡಲಿಲ್ಲದ ದೇಶ ಜಗತ್ತಿನ ಕಡಲುಗಳಿಗೆಲ್ಲ ಕೊಟ್ಟ ಕಾಣಿಕೆ ಇದು. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿನ ಸಾರಜನಕ ರಕ್ತ ಮಾಂಸಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನೊಡನೆ ಹೊರಹೋಗುತ್ತದೆ. ಅವಸರ ಮಾಡಿದರೆ, ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ, ದೇಹದೊಳಗೇ ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೂ ಒಯ್ಯಬಲ್ಲದು. ಸುರಕ್ಷಿತವಾಗಿ ಮೇಲೇರಲು ಬೇಕಾದ ಸಮಯದ ಕೋಷ್ಟಕಗಳನ್ನು ನೌಕಾಪಡೆಗಳು ಸಮುದ್ರಮಟ್ಟಕ್ಕೆಂದು ಮಾಡಿಕೊಂಡಿದ್ದವು. ಪರ್ವತದ ಸರೋವರದಲ್ಲಿ ಆ ಲೆಕ್ಕ ತಪ್ಪುತ್ತದೆ. ಸಮುದ್ರದಲ್ಲಿ 30 ಮೀಟರ್ ಆಳದ ಒತ್ತಡ ಮೇಲ್ಮೈಯದರ ನಾಲ್ಕು ಪಟ್ಟು. ಸುಮಾರು 1,800 ಮೀಟರ್ ಎತ್ತರದ ಎಂಗಡಿನ್ ಕಣಿವೆಯ ಸರೋವರಗಳಲ್ಲಿ ಮೇಲಿನ ಗಾಳಿಯೇ ಐದನೆಯ ಒಂದು ಭಾಗ ತೆಳು; ಆದ್ದರಿಂದ ಅಷ್ಟೇ ಆಳಕ್ಕೆ ಅನುಪಾತ ಸುಮಾರು 4.7 ಪಟ್ಟಾಗುತ್ತದೆ. ಗುಳ್ಳೆಗಟ್ಟುವ ಅಪಾಯ ಅಷ್ಟು ಹೆಚ್ಚು.

ಜೂರಿಕ್ ವಿಶ್ವವಿದ್ಯಾಲಯದ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಈ ಸಮಸ್ಯೆಯನ್ನು ದಶಕಗಳ ಕಾಲ ಬಿಡಿಸಿದರು. ಅವರನ್ನು ಇದಕ್ಕೆ ಎಳೆದದ್ದು ಗಣಿತದ ಹುಚ್ಚಿದ್ದ ಹಾನೆಸ್ ಕೆಲ್ಲರ್ ಎಂಬ ತರುಣ. ಇಬ್ಬರೂ ಸೇರಿ ಉಸಿರಾಡುವ ಅನಿಲಗಳ ಮಿಶ್ರಣಗಳನ್ನು ಲೆಕ್ಕ ಹಾಕಿದರು. 1961ರಲ್ಲಿ ಕೆಲ್ಲರ್ ಮ್ಯಾಜೋರೆ ಸರೋವರದಲ್ಲಿ 220 ಮೀಟರಿಗೂ ಹೆಚ್ಚು ಆಳಕ್ಕಿಳಿದು ಬಂದರು. ಮರುವರ್ಷ ಕ್ಯಾಲಿಫೋರ್ನಿಯದ ಕಡಲಿನಲ್ಲಿ 300 ಮೀಟರ್ ಮುಟ್ಟಿದಾಗ ಅವರ ಜೊತೆಗಾರ ಪತ್ರಕರ್ತರೂ ರಕ್ಷಣೆಗಿಳಿದ ಯುವಕನೊಬ್ಬನೂ ಸತ್ತರು. ದಾಖಲೆಗಳು ಮರೆತುಹೋದವು, ಬ್ಯೂಲ್ಮನ್ನರ ಲೆಕ್ಕ ಉಳಿಯಿತು. ದೇಹವನ್ನು ಬೇರೆಬೇರೆ ವೇಗದಲ್ಲಿ ಸಾರಜನಕ ಹೀರುವ 16 ಭಾಗಗಳಾಗಿ ವಿಂಗಡಿಸಿ, ಸುತ್ತಲಿನ ವಾಯುಭಾರ ಎಷ್ಟಿದ್ದರೂ ಅನ್ವಯಿಸುವಂತೆ ಅವರು ರೂಪಿಸಿದ ಸೂತ್ರವನ್ನು 1980ರ ದಶಕದಲ್ಲಿ ಪ್ರಕಟಿಸಿದರು, ಬಚ್ಚಿಡಲಿಲ್ಲ. ಇಂದು ಜಗತ್ತಿನ ಮುಳುಗುವವರ ಮಣಿಕಟ್ಟಿನ ಮೇಲಿರುವ ಪುಟ್ಟ ಕಂಪ್ಯೂಟರುಗಳಲ್ಲಿ ಅನೇಕವು ಅದನ್ನೇ ಬಳಸುತ್ತವೆ. 1994ರಲ್ಲಿ ತೀರಿಕೊಂಡ ಅವರ ಹೆಸರು ಅಳಿಯನಿಗೆ ಗೊತ್ತಿತ್ತು, ಯಂತ್ರದ ಕೈಪಿಡಿಯಲ್ಲಿ ಓದಿ.

ಇದು ನಮಗೂ ಸಂಬಂಧಿಸಿದ ಮಾತು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಬಳಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಬೆಂಗಳೂರಿನ ತರುಣ ತರುಣಿಯರು ವಾರಾಂತ್ಯಕ್ಕೆ ಧಾವಿಸುತ್ತಾರೆ. ನೇತ್ರಾಣಿಯ ನೀರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮುಳುಗಿ ಎದ್ದ ದಿನವೇ ಘಟ್ಟ ಹತ್ತುವುದೆಂದರೆ, ದೇಹದಲ್ಲಿ ಸಾರಜನಕ ಇನ್ನೂ ಉಳಿದಿರುವಾಗಲೇ ತೆಳುಗಾಳಿಗೆ ಹೋಗುವುದು. ವಿಮಾನ ಏರುವ ಮುನ್ನ ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಬೇಕೆಂದು ಮುಳುಗುವವರ ಸುರಕ್ಷತೆಗೆ ಮೀಸಲಾದ ಅಂತರರಾಷ್ಟ್ರೀಯ ಜಾಲವಾದ ಡ್ಯಾನ್ ಹೇಳುತ್ತದೆ. ಆ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಸಮನಾದ ಗಾಳಿಯೊತ್ತಡಕ್ಕೆ. ನಮ್ಮ ರಾಜಧಾನಿ ಅದರೊಳಗೇ ಬರುತ್ತದೆ. ಮೊದಲ ಬಾರಿಗೆ ಆರೆಂಟು ಮೀಟರ್ ಇಳಿದು ಬರುವವರಿಗೆ ಅಪಾಯ ಅತ್ಯಲ್ಪ. ತರಬೇತಿ ಪಡೆದು ಎರಡು ಮೂರು ಬಾರಿ ಆಳಕ್ಕಿಳಿಯುವವರ ವಿಷಯ ಹಾಗಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸರೋವರದಿಂದೆದ್ದು ಕಣಿವೆಮಾರ್ಗ ಹತ್ತಿ ಮನೆಗೆ ಹೋಗುವವರು ಈ ಲೆಕ್ಕವನ್ನು ಮೊದಲ ಪಾಠದಲ್ಲೇ ಕಲಿಯುತ್ತಾರೆ. ನಮ್ಮಲ್ಲಿ ಪ್ರವಾಸದ ಜಾಹೀರಾತುಗಳು ಮಧ್ಯಾಹ್ನದ ಡೈವಿಂಗ್ ಮತ್ತು ರಾತ್ರಿಯ ಬಸ್ಸನ್ನು ಒಂದೇ ಪ್ಯಾಕೇಜಿನಲ್ಲಿ ಮಾರುವುದನ್ನು ನಾನೇ ಓದಿದ್ದೇನೆ. ಪ್ರವಾಸೋದ್ಯಮದ ಅಧಿಕಾರಿಗಳು ಪರವಾನಗಿಯ ಷರತ್ತುಗಳಲ್ಲಿ ಇದನ್ನು ಒಂದು ವಾಕ್ಯವಾಗಿ ಸೇರಿಸಲು ಬಜೆಟ್ ಬೇಕಿಲ್ಲ, ಸಂಪುಟದ ಒಪ್ಪಿಗೆಯೂ ಬೇಕಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಅಳಿಯ ಊರಿಗೆ ಬಂದಾಗ ಬಾಲ್ಯದ ಗೆಳೆಯರ ಗುಂಪಿನೊಡನೆ ನೇತ್ರಾಣಿಗೆ ಹೋದರು. ಎರಡು ಬಾರಿ ಮುಳುಗಿದರು. ಸಂಜೆಯ ಬಸ್ಸಿಗೆ ಎಲ್ಲರಿಗೂ ಟಿಕೆಟ್ ಆಗಿತ್ತು. ಅವರೊಬ್ಬರೇ ತಮ್ಮ ಟಿಕೆಟ್ ರದ್ದು ಮಾಡಿ ಮುರುಡೇಶ್ವರದಲ್ಲಿ ರಾತ್ರಿ ತಂಗಿ, ಮರುದಿನ ಮಧ್ಯಾಹ್ನ ಹೊರಟು ಬಂದರು. ಗೆಳೆಯರು ನಕ್ಕು ಬಸ್ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಒಬ್ಬನಿಗೆ ಮಾತ್ರ ಎರಡು ದಿನ ಭುಜದಲ್ಲಿ ನೋವಿತ್ತಂತೆ. ಬಸ್ಸಿನ ಸೀಟಿನದಿರಬೇಕೆಂದು ಅವನು ಹೇಳಿದ, ಯಾವ ವೈದ್ಯರ ಬಳಿಗೂ ಹೋಗಲಿಲ್ಲ.